ಒಂದು ಗೋಡೆ, ಎರಡು ಮನೆ

ಅಂಬಲಮುಗಳಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಚೇಚಿ ಕಳೆದ ಮಳೆಗಾಲದಲ್ಲಿ ಎರಡು ದಿನ ಬರಲಿಲ್ಲ. ವಿಚಾರಿಸಿದರೆ, "ಪಕ್ಕದವರು ಅವರ ಅರ್ಧ ಮನೆ ಕೆಡವಿದ್ದಾರೆ, ನಮ್ಮ ಅರ್ಧಕ್ಕೆ ನೀರು ಇಳಿಯುತ್ತಿದೆ" ಎಂದರು. ಅರ್ಧ ಮನೆಯೆಂದರೇನು ಎಂದು ನನಗೆ ತಿಳಿಯಲಿಲ್ಲ. ಅವರದು ಹತ್ತಿರದ ಊರಿನ 'ಲಕ್ಷಂ ವೀಡು', ಐವತ್ತು ವರ್ಷ ಹಿಂದಿನ ಲಕ್ಷ ಮನೆ ಯೋಜನೆಯ ಜೋಡಿ ಮನೆ.

ಈ ಯೋಜನೆಗೆ ಮುಂಚೆ ಕೇರಳದಲ್ಲಿ ಭೂಸುಧಾರಣೆ ಆಗಿತ್ತು. 1970ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯಂತೆ, ಒಡೆಯರ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಿದ್ದ 'ಕುಡಿಕಿಡಪ್ಪು'ದಾರರು ಆ ಜಾಗ ಕೊಳ್ಳಬಹುದಿತ್ತು: ಹಳ್ಳಿಯಲ್ಲಿ 10 ಸೆಂಟ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3. ಆದರೆ ಆ ಹಕ್ಕೂ ಸಿಗದ ಕೂಲಿಗಳು ಬೇಕಾದಷ್ಟು ಮಂದಿ ಉಳಿದರು. ಅವರಿಗಾಗಿ ಅಚ್ಯುತ ಮೆನನ್ ಸಂಪುಟದ ವಸತಿ ಸಚಿವ ಎಂ.ಎನ್. ಗೋವಿಂದನ್ ನಾಯರ್ 1972ರಲ್ಲಿ ಲಕ್ಷ ಮನೆಯ ಮಾತು ತೆಗೆದರು. ಲೆಕ್ಕ ಸರಳ: ಪಂಚಾಯಿತಿಗೆ ನೂರು ಮನೆ. ಸರ್ಕಾರದ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಜಾಗ ಸರ್ಕಾರದ್ದು, ಉಳಿದದ್ದಕ್ಕೆ ಜನರ ದೇಣಿಗೆ, ಶ್ರಮದಾನ. ಲಕ್ಷ ಪೂರ್ತಿಯಾಗಲಿಲ್ಲ. ಆದರೂ ಸಾವಿರಾರು ಹೆಣ್ಣುಮಕ್ಕಳಿಗೆ ಯಾರೂ ಎಬ್ಬಿಸಲಾಗದ ಒಂದು ಸೂರು ಸಿಕ್ಕಿತು. ಅದನ್ನು ನಾನು ಸಣ್ಣದೆನ್ನಲಾರೆ.

ಖರ್ಚು ಉಳಿಸಲು ಎರಡು ಕುಟುಂಬಕ್ಕೆ ಒಂದೇ ನಡುಗೋಡೆ, ಒಂದೇ ಚಾವಣಿ. ಜಾಗವೂ ಉಳಿಯಿತು. ನಮ್ಮ ಸಾಫ್ಟ್‌ವೇರ್‌ನವರು ಇದನ್ನು ಡಿಪೆಂಡೆನ್ಸಿ ಅನ್ನುತ್ತೇವೆ: ಕಟ್ಟುವ ದಿನ ಲಾಭ, ಬದಲಾಯಿಸುವ ದಿನ ತಲೆನೋವು. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೆಂದರೂ ಪಕ್ಕದವರ ಕೈಯಲ್ಲಿ ಅಷ್ಟೇ ಹಣ ಅದೇ ವರ್ಷ ಇರಬೇಕು. ಕಟ್ಟಲು ದಾನಿಗಳು ಬಂದರು. ರಿಪೇರಿಗೆ ದೇಣಿಗೆ ಕೊಟ್ಟು ಹೆಸರು ಮಾಡಿದವರನ್ನು ನಾನಂತೂ ಕಂಡಿಲ್ಲ. ಜೋಡಿ ಮನೆಗಳನ್ನು ಒಂಟಿ ಮನೆಗಳಾಗಿಸಲು ಸರ್ಕಾರವೇ ಆಮೇಲೆ ಬೇರೆ ನೆರವು ಕೊಡಬೇಕಾಯಿತು.

ನಮ್ಮೂರಿನ ಜನತಾ ಕಾಲೋನಿ ನೆನಪಾಗುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೈಟು. ಮನೆ ಕಿರಿದೇ, ಆದರೆ ಕೈಯಲ್ಲಿ ಕಾಸು ಬಂದವರು ಬಂದ ವರ್ಷವೇ ಕಟ್ಟಿಕೊಂಡರು, ಯಾರನ್ನೂ ಕಾಯಲಿಲ್ಲ.

ಕೇರಳದಲ್ಲಿ 2016ರಲ್ಲಿ ಶುರುವಾದ ಲೈಫ್ ಮಿಷನ್ ಒಂದು ಒಳ್ಳೆಯ ಕೆಲಸ ಮಾಡಿತು. ಹೊಸ ಮನೆಗೆ ಕೈಹಾಕುವ ಮುಂಚೆ, ಹಳೆಯ ಯೋಜನೆಗಳಲ್ಲಿ ಅರ್ಧಕ್ಕೆ ನಿಂತಿದ್ದವನ್ನು ಮೊದಲ ಹಂತದಲ್ಲಿ ಮುಗಿಸಿತು. ಒಂದು ಮನೆಗೆ 4 ಲಕ್ಷ ರೂಪಾಯಿ. ರಾಜ್ಯದ ಬಜೆಟ್ಟು, ಪಂಚಾಯಿತಿಗಳ ಯೋಜನಾ ನಿಧಿ, ಕೇಂದ್ರದ ಪಾಲು, ಹುಡ್ಕೋ ಸಾಲ ಎಲ್ಲ ಸೇರಿಸಿ ಹೊಂದಿಸಿದ ಹಣ. 2020ರ ಫೆಬ್ರವರಿಯಲ್ಲಿ ಎರಡು ಲಕ್ಷ ಮನೆ ಪೂರ್ತಿಯಾಯಿತೆಂದು ಘೋಷಿಸಿದರು. ಮುಗಿದ ಮನೆಯ ಮುಂದಿನ ಐವತ್ತು ವರ್ಷದ ಖರ್ಚು ಯಾರದು ಎಂಬುದು ಮಾತ್ರ 1972ರಲ್ಲಿದ್ದಂತೆಯೇ ಇದೆ.

ಚೇಚಿಯ ಪಕ್ಕದವರ ಹೊಸ ಮನೆ ಈಗ ಲಿಂಟಲ್ ಮಟ್ಟಕ್ಕೆ ಬಂದಿದೆ. ಇವರ ಅರ್ಧದ ನಡುಗೋಡೆ ಈಗ ಹೊರಗೋಡೆ. ಅದಕ್ಕೆ ಗಾರೆ ಇಲ್ಲ, ನೀಲಿ ಟಾರ್ಪಾಲು ಹೊದಿಸಿದ್ದಾರೆ.