ಯೆಜ್ಡಿಯೂ ಬಾಬರನೂ

ಬಾಬರ್ ಎಂದೊಡನೆ ಇತಿಹಾಸದ ಮೇಷ್ಟರಿಗೆ 1526ರ ಪಾಣಿಪತ್ ಕದನ ನೆನಪಾಗುವುದು ಸಹಜ. ಗಂಗಾವತಿಯ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದು ಬೇರೆಯೇ ಬಾಬರ್. ತಂದೆಯ ಯೆಜ್ಡಿಯನ್ನು ಮನೆಯಂಗಳದಲ್ಲಿಯೇ ಕತ್ತರಿಸಿ ಆತ ಮಾಡಹೊರಟಿರುವ ಮೋಟರ್ ಸೈಕಲ್ ಅದು.

ಇಂಗ್ಲಿಷಿನಲ್ಲಿ ‘ಬಾಬ್’ ಎಂದರೆ ಮೊಟಕುಗೊಳಿಸುವುದು. 1930–40ರ ದಶಕಗಳಲ್ಲಿ ಅಮೆರಿಕದ ತರುಣರು ಭಾರ ತಗ್ಗಿಸಿ ವೇಗ ಹೆಚ್ಚಿಸಲೆಂದು ಮುಂದಿನ ಮಡ್ಗಾರ್ಡ್ ಕಳಚಿದರು, ಹಿಂದಿನದನ್ನು ಗಿಡ್ಡಗೊಳಿಸಿದರು, ಒಬ್ಬರೇ ಕೂರುವ ಸೀಟು ಉಳಿಸಿಕೊಂಡರು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಹಾರ್ಲೆ ಗಾಡಿಗಳು ಅಗ್ಗಕ್ಕೆ ದೊರೆತು ಈ ಹವ್ಯಾಸ ಹಬ್ಬಿತು.

ಯೆಜ್ಡಿಯ ಕಥೆ ಹಾಗಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಿಸಿ 1996ರಲ್ಲಿ ಮುಚ್ಚಿತು. 2022ರಲ್ಲಿ ಹೆಸರು ಮರಳಿತು. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಮರಳಲಿಲ್ಲ. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅದರ ಉದ್ದ ಸೀಟಿನ ಮೇಲೆ ಹೆಂಡತಿ, ಮಕ್ಕಳು, ಜೋಳದ ಚೀಲ ಎಲ್ಲವೂ ಬಂದಿದ್ದನ್ನು ಕಂಡಿದ್ದೇನೆ. ನಮ್ಮ ಎರೆಮಣ್ಣಿನ ಕೆಸರಿಗೆ ಮಡ್ಗಾರ್ಡ್ ಅಲಂಕಾರವೂ ಅಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಒಪ್ಪದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಆದ್ದರಿಂದ ನನ್ನ ಸಲಹೆ ಇಷ್ಟೇ: ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಬೋಲ್ಟ್ ಬಿಚ್ಚಿ ಬದಲಿಸಬಹುದಾದುದನ್ನಷ್ಟೇ ಮುಟ್ಟಬೇಕು, ಚಾಸಿಗೆ ಗರಗಸ ಹಾಕಬಾರದು. ಕಳಚಿದ ಸೀಟು, ಮಡ್ಗಾರ್ಡುಗಳನ್ನು ಅಟ್ಟದಲ್ಲಿ ಕಾಪಿಡಬೇಕು. ನಿಮ್ಮ ಮನೆಯಲ್ಲಿಯೂ ಹಳೆಯ ಗಾಡಿಯಿದ್ದರೆ, ಅದನ್ನು ಓಡಿಸಿದ ಹಿರಿಯರನ್ನೊಮ್ಮೆ ಕೇಳಿ ಮುಂದುವರಿಯಿರಿ.