ಕಾರ್ಟಿಸೋನ್ ಎಂಬ ಹೆಸರಿನ ಬಾಲ ಹಿಡಿದು...

ಪ್ರೋಗ್ರಾಮ್ ಬರೆಯೋದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಅಂತ ಕೇಳಿದರೆ ನಮ್ಮ ಆಫೀಸಿನಲ್ಲಿ "ಹೆಸರಿಡೋದು" ಅಂತಾರೆ. ತಮಾಷೆಗೆ ಹೇಳೋದಾದರೂ ಮಾತು ನಿಜ. ಈಚೆಗೆ ಕಾರ್ಟಿಸೋನ್ ಅನ್ನೋ ಔಷಧಿಯ ಹೆಸರು ಎಲ್ಲಿಂದ ಬಂತು ಅಂತ ಓದುತ್ತಾ ಹೋದಾಗ, ರಸಾಯನಶಾಸ್ತ್ರದವರು ನಮಗಿಂತ ಎಷ್ಟೋ ಮೊದಲೇ ಈ ಕಷ್ಟ ಉಂಡಿದ್ದಾರೆ ಅನ್ನಿಸಿತು.

ನಮ್ಮ ಎರಡೂ ಕಿಡ್ನಿಗಳ ಮೇಲೆ ಟೋಪಿ ಹಾಕಿದ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ, ಅಡ್ರಿನಲ್ ಅಂತ. ಅದರ ಹೊರಪದರದ ಹೆಸರು ಕಾರ್ಟೆಕ್ಸ್. ಲ್ಯಾಟಿನ್ನಿನಲ್ಲಿ ಕಾರ್ಟೆಕ್ಸ್ ಅಂದರೆ ಮರದ ತೊಗಟೆ. (ಪಲಾವಿಗೆ ಹಾಕೋ ಚಕ್ಕೆಯೂ ಆ ಲೆಕ್ಕದಲ್ಲಿ ಕಾರ್ಟೆಕ್ಸೇ!) 1930ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ದನಗಳ ಅಡ್ರಿನಲ್ ಗ್ರಂಥಿಯಿಂದ ಒಂದೊಂದೇ ವಸ್ತು ಬೇರ್ಪಡಿಸುತ್ತಾ ಅವಕ್ಕೆ ಎ, ಬಿ, ಸಿ ಅಂತ ಅಕ್ಷರ ಕೊಡುತ್ತಾ ಹೋದ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಟಾಡೆಯುಸ್ ರೈಶ್‌ಸ್ಟೈನ್, ಅಮೆರಿಕದಲ್ಲೇ ಆಸ್ಕರ್ ವಿಂಟರ್‌ಸ್ಟೈನರ್ ಕೂಡ ಇದೇ ಕೆಲಸದಲ್ಲಿದ್ದರು. ಪರಿಣಾಮ ಏನು ಗೊತ್ತಾ? ಕೆಂಡಲ್‌ನ 'ಇ', ವಿಂಟರ್‌ಸ್ಟೈನರ್‌ನ 'ಎಫ್', ರೈಶ್‌ಸ್ಟೈನ್‌ನ 'ಎಫ್‌ಎ' ಮೂರೂ ಒಂದೇ ವಸ್ತು. ಕೆಂಡಲ್‌ನ 'ಎಫ್' ಮಾತ್ರ ಬೇರೆಯೇ ವಸ್ತು, ಇವತ್ತಿನ ಹೈಡ್ರೋಕಾರ್ಟಿಸೋನ್. ಮೂರು ಟೀಮು ಒಂದೇ ವೇರಿಯಬಲ್ಲಿಗೆ ಮೂರು ಹೆಸರಿಟ್ಟರೆ ಏನಾಗುತ್ತೋ ಅದೇ ಆಗಿತ್ತು.

ಅದೇ ಮೇಯೋದಲ್ಲಿ ಫಿಲಿಪ್ ಹೆಂಚ್ ಅನ್ನೋ ಸಂಧಿವಾತದ ಡಾಕ್ಟರು ಇದ್ದರು. 1929ರಲ್ಲಿ ಅವರ ರೋಗಿಯೊಬ್ಬನಿಗೆ ಕಾಮಾಲೆ ಬಂತು, ಬಂದದ್ದೇ ಕೀಲುನೋವು ಮಾಯ! ಬಸುರಿಯರಲ್ಲೂ ಈ ನೋವು ತಗ್ಗೋದನ್ನು ಅವರು ಗಮನಿಸಿದರು. ಹಾಗಾದರೆ ದೇಹದಲ್ಲೇ ಏನೋ ಒಂದು ಇದೆ ಅಂತ ಊಹಿಸಿ ಅದಕ್ಕೆ 'ಎಕ್ಸ್' ಅಂತ ಹೆಸರಿಟ್ಟರು. ಪಿತ್ತದಲ್ಲಿ ಇದೆಯೇನೋ ಅಂತ ಅದನ್ನೂ ಕೊಟ್ಟು ನೋಡಿದರು, ಉಪಯೋಗವಾಗಲಿಲ್ಲ. ಕಡೆಗೆ 1948ರ ಸೆಪ್ಟೆಂಬರ್ 21ರಂದು, ಹಾಸಿಗೆ ಬಿಟ್ಟು ಏಳಲಾರದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಕೆಂಡಲ್‌ನ 'ಇ' ಇಂಜೆಕ್ಷನ್ ಶುರು ಮಾಡಿದರು. ವಾರದೊಳಗೆ ಆಕೆ ನಡೆದುಕೊಂಡು ಪೇಟೆಗೆ ಹೋಗಿ ಬಂದಳಂತೆ. ತಮಾಷೆ ನೋಡಿ, ಆ ಔಷಧಿಯನ್ನು ಮರ್ಕ್ ಕಂಪನಿಯವರು ತಯಾರಿಸಿದ್ದು ದನದ ಪಿತ್ತರಸದ ಆಮ್ಲದಿಂದ, ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ!

ಸುದ್ದಿ ಹಬ್ಬುತ್ತಿದ್ದ ಹಾಗೆ ಹೊಸ ತಲೆನೋವು. 'ಕಾಂಪೌಂಡ್ ಇ' ಅಂದರೆ ಜನ ವಿಟಮಿನ್ ಇ ಅಂದುಕೊಳ್ಳೋಕೆ ಶುರು ಮಾಡಿದರು. ಪೂರ್ತಿ ಹೆಸರು ಹೇಳೋಣ ಅಂದರೆ 17-ಹೈಡ್ರಾಕ್ಸಿ-11-ಡಿಹೈಡ್ರೋಕಾರ್ಟಿಕೋಸ್ಟೆರೋನ್, ರೇಷನ್ ಕಾರ್ಡಿನಲ್ಲಿ ಹಿಡಿಯೋದಿಲ್ಲ :-) ಆ ಉದ್ದದ ಹೆಸರಿನ ಹೊಟ್ಟೆಯಲ್ಲಿರುವ 'ಕಾರ್ಟಿಕೋಸ್ಟೆರೋನ್'ನಿಂದ ಕೆಲವು ಅಕ್ಷರ ಕಿತ್ತು 1949ರಲ್ಲಿ ಹೆಂಚ್ ಮತ್ತು ಕೆಂಡಲ್ ಮಾಡಿದ್ದೇ 'ಕಾರ್ಟಿಸೋನ್'. ತಲೆಗೆ ತೊಗಟೆ, ಬಾಲಕ್ಕೆ ಕೀಟೋನಿನ 'ಓನ್'. 1950ರಲ್ಲಿ ಇವರಿಬ್ಬರ ಜೊತೆ ರೈಶ್‌ಸ್ಟೈನ್‌ಗೂ ಸೇರಿಸಿ ನೊಬೆಲ್ ಬಂತು.

ಆಮೇಲೆ ಮಕ್ಕಳು ಮೊಮ್ಮಕ್ಕಳೆಲ್ಲ ಈ ಬಾಲವನ್ನೇ ಇಟ್ಟುಕೊಂಡವು. 1955ರಲ್ಲಿ ಮಾರುಕಟ್ಟೆಗೆ ಬಂದ ಪ್ರೆಡ್ನಿಸೋನ್, ಆಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್. ಕಡೆಯ ಎರಡಕ್ಕೂ ಇರೋ ವ್ಯತ್ಯಾಸ ಒಂದು ಮೀಥೈಲ್ ಗುಂಪು ಯಾವ ಕಡೆ ಮುಖ ಮಾಡಿದೆ ಅನ್ನೋದಷ್ಟೇ. 2020ರ ಜೂನಿನಲ್ಲಿ, ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತೆ ಅಂತ ಬ್ರಿಟನ್ನಿನಲ್ಲಿ ಕಂಡುಬಂದದ್ದು ಈ ಡೆಕ್ಸಾಮೆಥಸೋನೇ.

ನನ್ನ ತಕರಾರು ಇರೋದು ಬ್ರಾಂಡ್ ಹೆಸರಿನ ಬಗ್ಗೆ. ಒಳಗಿನ ಹೆಸರು ಬೀಟಾಮೆಥಸೋನ್ ವ್ಯಾಲರೇಟ್, ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಬೆಟ್ನೋವೇಟ್. ಕುಲ ಹೇಳುವ ಬಾಲವೇ ಮಾಯ! ನಮ್ಮ ಚಿಕ್ಕಮ್ಮನ ಮಗಳಿಗೆ ವರ ನೋಡೋಕೆ ಬರ್ತಾರೆ ಅಂತ ಯಾರೋ ಅಂಗಡಿಯವರು "ಬೆಳ್ಳಗಾಗುತ್ತೆ, ಹಚ್ಕೊಳ್ಳಮ್ಮ" ಅಂತ ಇಂಥದ್ದೇ ಒಂದು ಕ್ರೀಮು ಕೊಟ್ಟಿದ್ದರು. ಮೊದಲು ಮುಖ ಹೊಳೆಯಿತು ನಿಜ. ಮೂರು ತಿಂಗಳಿಗೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಕೆಂಡ ಇಟ್ಟ ಹಾಗೆ ಉರಿ, ಬಿಟ್ಟರೆ ಇನ್ನಷ್ಟು ಕೆಂಪು. ಚರ್ಮದ ಡಾಕ್ಟರು ಹೇಳಿದ ಮೇಲೇ ಅದು ಸ್ಟೆರಾಯ್ಡ್ ಅಂತ ಅವಳಿಗೆ ಗೊತ್ತಾಗಿದ್ದು. ಇಂಥ ಹದಿನಾಲ್ಕು ಹಚ್ಚುವ ಸ್ಟೆರಾಯ್ಡುಗಳನ್ನು ಚೀಟಿ ಇಲ್ಲದೆ ಮಾರಕೂಡದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು.

ಮಾತ್ರೆಯ ಕಥೆಯೂ ಹಾಗೇ. ಹೊರಗಿಂದ ಬಹಳ ದಿನ ಸ್ಟೆರಾಯ್ಡ್ ಸಿಗುತ್ತಿದ್ದರೆ ಆ ತೊಗಟೆ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತೆ. ಅದಕ್ಕೇ ಡಾಕ್ಟರು ವೈಸೋಲೋನನ್ನು ಸ್ವಲ್ಪ ಸ್ವಲ್ಪವೇ ಇಳಿಸೋದು. "ಗುಣ ಆಯ್ತಲ್ಲ" ಅಂತ ನಾವೇ ಒಂದೇ ದಿನಕ್ಕೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಈಗ ನನ್ನ ತಂಗಿ ಯಾವ ಟ್ಯೂಬು ಕಂಡರೂ ಹಿಂದೆ ತಿರುಗಿಸಿ ಸಣ್ಣಕ್ಷರದಲ್ಲಿ 'ಸೋನ್' ಹುಡುಕುತ್ತಾಳೆ. ಒಳ್ಳೆಯ ಅಭ್ಯಾಸವೇ, ಆದರೆ ಬಗ್ ಇಲ್ಲದ ನಿಯಮ ಎಲ್ಲಿದೆ? ಕ್ಲೋಬೆಟಸಾಲ್‌ಗೆ ಈ ಬಾಲ ಇಲ್ಲ, ಅದು ಹಚ್ಚುವ ಸ್ಟೆರಾಯ್ಡುಗಳಲ್ಲೇ ಬಲು ಜೋರಿನದು. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್‌ಗೆ ಬಾಲ ಇದೆ, ಅದು ಸ್ಟೆರಾಯ್ಡೇ ಅಲ್ಲ!