ತಮಾಷಿ ತಿಳಿಯದವರು ಯಾರು?

ನಮ್ಮ ಮೇಲೆ ಹಳೆಯದೊಂದು ಆರೋಪವಿದೆ. ದಲಿತರಿಗೆ ತಮಾಷಿ ತಿಳಿಯಂಗಿಲ್ಲ, ಮಾತುಮಾತಿಗೂ ಸಿಟ್ಟಿಗೇಳ್ತಾರ, ನಾಲ್ಕಕ್ಷರ ಕಲಿತ ಮ್ಯಾಲಂತೂ ಮುಗದೇ ಹೋತು ಅಂತ. ಈ ಆರೋಪವನ್ನು ಒಮ್ಮೆ ಇತಿಹಾಸದ ಮುಂದೆ ನಿಲ್ಲಿಸಿ ನೋಡೋಣ.

1973ರ ನವೆಂಬರ್. ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಅವರು. ಬೂಸಾ ಅಂದ್ರ ನಮ್ಮ ಮಂದಿಗೆ ಬೈಗುಳವೇ ಅಲ್ಲ, ಎಮ್ಮಿ ಹಿಂಡುವಾಗ ಮುಂದಿಡುವ ತಿನಿಸು. ಆದರೆ ಸಾಹಿತ್ಯದ ವಾರಸುದಾರರಿಗೆ ಈ ಒಂದು ಚಟಾಕಿ ತಡೆಯಲಾಗಲಿಲ್ಲ. ಬೀದಿಗಿಳಿದರು. ಪುಸ್ತಕದ ಬಗ್ಗೆ ಆಡಿದ ಮಾತಿಗೆ ದಲಿತ ವಿದ್ಯಾರ್ಥಿಗಳ ಮೈಮೇಲೆ ಏಟು ಬಿದ್ದವು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಡಿಸೆಂಬರಿನಲ್ಲಿ ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟು ತಿಂದವರೇ ಮುಂದೆ ದಲಿತ ಸಂಘರ್ಷ ಸಮಿತಿಯ ದಾರಿ ತುಳಿದರು. ಈಗ ಹೇಳಿ, ತಮಾಷಿ ತಿಳಿಯದವರು ಯಾರು?

ನಮಗೆ ನಗಲು ಬರುವುದಿಲ್ಲವೇ? ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿ. ಇಬ್ಬರು ಮನುಷ್ಯರನ್ನು ಎತ್ತುಗಳಂತೆ ನೊಗಕ್ಕೆ ಹೂಡಿ ಹೊಲ ಉಳುವ ನೋಟ ಅಲ್ಲಿದೆ. ನೊಗ ಹೊತ್ತವರಲ್ಲಿ ಒಬ್ಬರು ಬರೆದವರ ಅಪ್ಪ. ಅಂಥ ಪುಸ್ತಕ ಓದುವಾಗ ನಗು ಉಕ್ಕುತ್ತದೆ, ನಕ್ಕ ಮ್ಯಾಲೆ ಗಂಟಲು ಕಟ್ಟುತ್ತದೆ.

ಇನ್ನೊಂದು ನಗು ನೋಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಿರುನಾಟಕವೊಂದರಲ್ಲಿ ಅಂಬೇಡ್ಕರರ ಹೆಸರಿನ ‘ಬಿ.ಆರ್.’ ಅನ್ನು ‘ಬಿಯರ್’ ಮಾಡಿದರು. ಬಂಧನಗಳಾದವು, ಮುಂದೆ ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿತು. ಹುಡುಗರು ಜೈಲಿನಲ್ಲಿ ಕೊಳೆಯಲಿ ಅನ್ನುವವರಲ್ಲ ನಾವು. ಕಾನೂನಿನ ಮಾತು ಕೋರ್ಟಿಗಿರಲಿ. ನಮಗೆ ಕಾಡುವುದು ವೇದಿಕೆಯ ಕೆಳಗೆ ಕುಂತವರ ನಗು. ಅವರು ಯಾವ ನೋವನ್ನು ದಾಟಲು ನಕ್ಕರು?

ನಮ್ಮ ಜಿಲ್ಲೆಗೇ ಬರೋಣ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ಹುಟ್ಟುಹಬ್ಬ ಅಂತ ಅಪ್ಪ ಹೊರಗಿನಿಂದಲೇ ಕೈಮುಗಿಸಲು ಕರಕೊಂಡು ಹೋಗಿದ್ದ. ಗುಡಿ ಮೈಲಿಗೆಯಾಯಿತೆಂದು ಶುದ್ಧಿಯ ಖರ್ಚಿಗೆ 25,000 ರೂಪಾಯಿ ಕೇಳಿದರು. ಆಮೇಲೆ ಐವರ ಬಂಧನವಾಯಿತು.

ಸುದ್ದಿ ಮರಳಿಗೆ ಬಂದ ದಿನ ನಮ್ಮ ಕೇರಿಯ ಮುದುಕಿಯೊಬ್ಬಳು, “ಬಗಲಾಗಿನ ಕೂಸಿಗೆ ಇಪ್ಪತ್ತೈದು ಸಾವಿರ! ನಾ ಹೊಕ್ಕರ ಎಷ್ಟ ಹಾಕ್ತಾರ, ಲೆಕ್ಕಾ ಹಚ್ಚ್ರೋ ಸಾಲಿ ಕಲ್ತವರ” ಅಂದಳು. ಕೇರಿ ಬಿದ್ದುಬಿದ್ದು ನಕ್ಕಿತು. ನಾವೂ ನಕ್ಕೆವು. ಇದೇ ಮಾತನ್ನು ದಂಡ ಕೇಳಿದವರು ಗುಡಿಕಟ್ಟಿಯ ಮೇಲೆ ಕುಂತು ಆಡಿದ್ದರೆ? ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಆದರೆ ಮುದುಕಿಗೆ ಆ ದಂಡ ನಾಳೆಯೇ ಬೀಳಬಹುದು, ಅವರಿಗೆ ಎಂದೂ ಬೀಳುವುದಿಲ್ಲ. ಲೆಕ್ಕ ಹಾಕಲು ಕೇಳಿದವಳ ಕೈ ನಡುಗುತ್ತಿದ್ದುದನ್ನು ನಾವು ನೋಡಿದ್ದೇವೆ.

ಹಳ್ಳಿ ಸಾಲಿಯ ಮಾಸ್ತರರು ಈ ಪತ್ರಿಕೆ ಓದುತ್ತೀರಿ. ಬರುವ ಗ್ಯಾದರಿಂಗಿಗೆ ನಗೆನಾಟಕ ಮಾಡಿಸುವಾಗ ಕಸ ಹೊಡೆಯುವವನ ಪಾರ್ಟು ಯಾವ ಹುಡುಗನಿಗೆ ಕೊಡ್ತೀರಿ, ಅವನ ಬಾಯಿಗೆ ಎಂಥ ಮಾತು ಹಾಕ್ತೀರಿ? ಅವನ ಅವ್ವ ಮುಂದಿನ ಕುರ್ಚಿಯಾಗ ಕುಂತಿರಂಗಿಲ್ಲ ಸರ್, ಕಾಂಪೌಂಡಿನ ಹತ್ರ ನಿಂತು ನೋಡ್ತಿರ್ತಾಳ.